ಬಳ್ಳಾರಿಯಿಂದ ಕೊಪ್ಪಳಕ್ಕೆ: ಮೂರು ಕಾಲಂ ಹಾಳೆಯ ಹಿಂದೆ ಒಂದು ಸುತ್ತು

ಸಮುದಾಯ ಮಾನಸಿಕ ಆರೋಗ್ಯದ ಕೆಲಸ ನೋಡಲು ಹೊರದೇಶದವರು ಈ ಕಡೆ ಬಂದರೆ ಸುತ್ತಾಟ ಬಳ್ಳಾರಿಯಿಂದಲೇ ಶುರುವಾಗಬೇಕು. 1985ರಲ್ಲಿ ನಿಮ್ಹಾನ್ಸ್ ಇಡೀ ಜಿಲ್ಲೆಯನ್ನು ಪ್ರಯೋಗಕ್ಕೆ ಆಯ್ದುಕೊಂಡಿತು. ಆಗಿನ ಬಳ್ಳಾರಿ ಅಂದರೆ ಹೊಸಪೇಟೆ, ಕೂಡ್ಲಿಗಿ, ಹಡಗಲಿಗಳೂ ಸೇರಿದ್ದ ದೊಡ್ಡ ಜಿಲ್ಲೆ. ಅವೆಲ್ಲ 2021ರಲ್ಲಿ ವಿಜಯನಗರಕ್ಕೆ ಹೋದವು. ಮಾಡಿದ್ದು ಸರಳ ಕೆಲಸ: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಊರೂರು ಓಡಾಡುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ, ಸುಲಭದ ಕೇಸ್ ದಾಖಲೆ, ತಿಂಗಳ ವರದಿ, ಜಿಲ್ಲಾ ತಂಡದ ಮೇಲ್ವಿಚಾರಣೆ, ಜತೆಗೆ ಆರೇ ಆರು ಔಷಧ. ತೀವ್ರ ಮನೋರೋಗಕ್ಕೆ ಕ್ಲೋರ್‌ಪ್ರೊಮಜಿನ್ ಮತ್ತು ಫ್ಲುಫೆನಜಿನ್ ಇಂಜೆಕ್ಷನ್, ಖಿನ್ನತೆಗೆ ಅಮಿಟ್ರಿಪ್ಟಿಲಿನ್, ಔಷಧದ ಅಡ್ಡಪರಿಣಾಮಕ್ಕೆ ಟ್ರೈಹೆಕ್ಸಿಫೆನಿಡಿಲ್, ಮೂರ್ಛೆರೋಗಕ್ಕೆ ಫಿನೋಬಾರ್ಬಿಟೋನ್ ಮತ್ತು ಫಿನಿಟಾಯಿನ್. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹಮ್ಮಿಕೊಂಡಾಗ ಮಾದರಿಯಾಗಿ ಇಟ್ಟುಕೊಂಡದ್ದು ಇದನ್ನೇ.

ಅತಿಥಿಗಳು ತರುವ ಗಂಟು ಬೇರೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಕಾನ್ಸಸ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ರ‍್ಯಾಪ್ ಮತ್ತು ಜತೆಗಾರರು ರೂಪಿಸಿದ ‘ಬಲಾಧಾರಿತ ಪದ್ಧತಿ’ (ಸ್ಟ್ರೆಂಗ್ತ್ಸ್ ಮಾಡೆಲ್) ಅದು. ಮುಂದೆ ಆಸ್ಟ್ರೇಲಿಯ, ನ್ಯೂಜಿಲೆಂಡ್, ಜಪಾನ್, ಹಾಂಗ್‌ಕಾಂಗ್‌ಗಳಿಗೂ ಹೋಯಿತು. ಕಾಯಿಲೆಯವನಿಗೆ ಏನು ಆಗದು ಎಂದು ಕೇಳುವ ಬದಲು ಏನು ಬರುತ್ತದೆ, ಏನು ಬೇಕು, ಹಿಂದೆ ಏನು ಮಾಡಿದ್ದ ಎಂದು ಕೇಳುವುದು ಅದರ ಜೀವಾಳ. ಮಾತ್ರೆ ತಲುಪಿಸುವುದನ್ನು ಬಳ್ಳಾರಿ ಕಲಿಸಿತು, ಮಾತ್ರೆ ನುಂಗಿದ ಮೇಲೆ ಮನುಷ್ಯ ದಿನವಿಡೀ ಏನು ಮಾಡಬೇಕು ಎಂಬುದಕ್ಕೆ ಕಾನ್ಸಸ್‌ನವರಲ್ಲಿ ಉತ್ತರವಿದೆ. ಎರಡನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಸಿರುಗುಪ್ಪದ ಬಸ್ಸು ಹತ್ತಬೇಕು.

ಸಿರುಗುಪ್ಪದ ಸುತ್ತಿನ ಭತ್ತದ ಊರುಗಳಲ್ಲಿ ಕಾನ್ಸಸ್ ಪದ್ಧತಿಯ ಹಾಳೆಯನ್ನು ತುಂಬಿ ನೋಡಬಹುದು. ಹಾಳೆಯಲ್ಲಿ ಅಡ್ಡಕ್ಕೆ ಮೂರು ಕಾಲಂ: ಈಗ ಇರುವ ಬಲ, ಆಸೆ, ಹಿಂದೆ ಇದ್ದ ಬಲ. ಉದ್ದಕ್ಕೆ ಏಳು ಕ್ಷೇತ್ರ: ಮನೆ ಮತ್ತು ದಿನಚರಿ, ಹಣಕಾಸು, ಕೆಲಸ ಅಥವಾ ಓದು, ನಂಟು, ಆರೋಗ್ಯ, ಬಿಡುವಿನ ವೇಳೆ, ದೇವರು ಮತ್ತು ಸಂಸ್ಕೃತಿ. ಕೆಡುವುದು ಹೆಚ್ಚಾಗಿ ಮೊದಲ ಕಾಲಂನಲ್ಲೇ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಅಣ್ಣನೋ ಅತ್ತೆಯೋ ಹೇಳಿದ್ದನ್ನು ಬರೆದರೆ ‘ಒಳ್ಳೆ ಹುಡುಗ, ಯಾರ ತಂಟೆಗೂ ಹೋಗಲ್ಲ’ ಎಂದು ತುಂಬಿಬಿಡುತ್ತದೆ. ಅದರಿಂದ ಮುಂದಿನ ಹೆಜ್ಜೆ ಹುಟ್ಟುವುದಿಲ್ಲ. ‘ದಿನಾ ಬೆಳಿಗ್ಗೆ ಎರಡು ಎಮ್ಮೆ ಹಿಂಡಿ ಡೈರಿಗೆ ಹಾಲು ಹಾಕತಾನ, ಲೆಕ್ಕ ತಾನೇ ಇಟ್ಕೋತಾನ’ ಎಂದು ಬರೆದರೆ ಹುಟ್ಟುತ್ತದೆ. ಮೂರನೆಯ ಕಾಲಂನಲ್ಲಿ ‘ಬಳ್ಳಾರಿ ಜೀನ್ಸ್ ಘಟಕದಲ್ಲಿ ಓವರ್‌ಲಾಕ್ ಮಷೀನು ಓಡಿಸಿದ್ದ’ ಎಂದಿದ್ದರೆ ಇನ್ನೂ ಒಳ್ಳೆಯದು. ಮಷೀನಿಗೆ ಕೂರುವ ಮೊದಲು ಮನೆಯಲ್ಲೇ ದಾರ ಕತ್ತರಿಸುವ ತುಂಡು ಕೆಲಸದಿಂದ ಶುರು ಮಾಡಬಹುದು. ಒಂದೇ ಕೂತಿನಲ್ಲಿ ಹಾಳೆ ಮುಗಿಸಬಾರದು. ಹೊಲದ ಬದುವಿನಲ್ಲಿ, ಚಹಾದಂಗಡಿಯಲ್ಲಿ ಸಿಕ್ಕಾಗಲೆಲ್ಲ ಒಂದೆರಡು ಸಾಲು ಸೇರಬೇಕು. ನಡುವಿನ ಕಾಲಂ ಮಾತ್ರ ಕಾಯಿಲೆಯವನ ಬಾಯಿಂದಲೇ ಬರಬೇಕು. ‘ಗುಳಿಗೆ ಸರಿಯಾಗಿ ತಗೋಬೇಕು’ ಎಂಬ ಸಾಲು ಅಲ್ಲಿ ಕಂಡರೆ ಅದು ಕಾರ್ಯಕರ್ತೆಯ ಆಸೆ ಎಂದು ತಿಳಿದು ಹೊಡೆದುಹಾಕಬೇಕು.

ದಢೇಸೂಗೂರಿನ ಹತ್ತಿರ ತುಂಗಭದ್ರೆ ದಾಟಿದರೆ ರಾಯಚೂರು ಜಿಲ್ಲೆ, ಸಿಂಧನೂರು. ಇಲ್ಲಿಂದಾಚೆಗೆ ಬಿಸಿಲಿನ ಲೆಕ್ಕ ಹಾಕದೆ ಯಾವ ಯೋಜನೆಯೂ ನಡೆಯದು, ತಂಪು ದೇಶದ ಕೈಪಿಡಿಗಳು ಇದಕ್ಕೆ ಹೆಚ್ಚು ಜಾಗ ಕೊಡುವುದಿಲ್ಲ. ಕೈಕಾಲು ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರನ್ನು ತಗ್ಗಿಸುತ್ತದೆ, ಕ್ಲೋರ್‌ಪ್ರೊಮಜಿನ್ ಮೈ ತಣಿಸಿಕೊಳ್ಳುವ ಶಕ್ತಿಯನ್ನು ಕುಗ್ಗಿಸುವುದಲ್ಲದೆ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತದೆ, ಮನಸ್ಥಿತಿಯ ವಿಪರೀತ ಏರಿಳಿತಕ್ಕೆ ಲಿಥಿಯಂ ತಗೊಳ್ಳುವವರ ಮೈಯಲ್ಲಿ ನೀರು ಆರಿದರೆ ಔಷಧ ರಕ್ತದಲ್ಲಿ ಏರಿ ವಿಷವಾಗುತ್ತದೆ. ಹಾಗಾಗಿ ‘ಕೂಲಿಗೆ ಹೋಗಬೇಕು’ ಎಂಬ ಆಸೆಯನ್ನು ಏಪ್ರಿಲ್ ತಿಂಗಳಲ್ಲಿ ಹೆಜ್ಜೆಯಾಗಿ ಒಡೆಯುವಾಗ ಬೆಳಿಗ್ಗೆ ಹತ್ತರೊಳಗಿನ ಕೆಲಸ, ತಲೆಗೆ ಟವೆಲ್, ಕೈಯಲ್ಲಿ ನೀರಿನ ಬಾಟಲಿ ಎಂದೇ ಬರೆಯಬೇಕು. ಕೈ ನಡುಕ, ವಾಂತಿ, ತೊದಲು ಕಂಡರೆ ಲಿಥಿಯಂ ನಿಲ್ಲಿಸಿ ಅಂದೇ ಆಸ್ಪತ್ರೆಗೆ. ಮೂರ್ಛೆರೋಗ ಇರುವವರಿಗೆ ಎಡದಂಡೆ ಕಾಲುವೆಯ ಪಕ್ಕದ ಕೆಲಸ ಬೇಡವೇ ಬೇಡ.

ಇನ್ನೊಂದು ತೊಡಕು ಗುಳೆ. ದೇವದುರ್ಗ, ಲಿಂಗಸುಗೂರಿನ ಒಣ ಊರುಗಳಿಂದ ಕುಟುಂಬಕ್ಕೆ ಕುಟುಂಬವೇ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟುಬಿಡುತ್ತದೆ. ಹೊರಡುವ ಮುನ್ನ ಔಷಧ ಕೈಗೆ ಸಿಗಬೇಕು, ಔಷಧದ ಹೆಸರು ಮತ್ತು ಪ್ರಮಾಣ ಬರೆದ ಚೀಟಿಯ ಫೋಟೋ ಫೋನಿನಲ್ಲಿರಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಬಾಯಿಪಾಠವಾಗಿರಬೇಕು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬೀಳಬೇಕಾದ ಫ್ಲುಫೆನಜಿನ್ ಇಂಜೆಕ್ಷನ್ ತಪ್ಪುವುದು ಇಲ್ಲೇ.

ಹರಾರೆಯ ಅಜ್ಜಿಯರ ಬೆಂಚು ಇಲ್ಲಿಗೆ ಹೊಂದುತ್ತದೆಯೇ ಎಂಬ ಪ್ರಶ್ನೆ ಸಿಂಧನೂರಿನಲ್ಲಿ ಏಳದೆ ಇರದು. ಜಿಂಬಾಬ್ವೆಯಲ್ಲಿ 2006ರಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಶುರು ಮಾಡಿದ್ದು: ತರಬೇತಾದ ಹಿರಿಯ ಹೆಂಗಸರು ಕ್ಲಿನಿಕ್ ಆವರಣದ ಬೆಂಚಿನಲ್ಲಿ ಕೂತು, 14 ಪ್ರಶ್ನೆಗಳ ಪಟ್ಟಿಯಿಂದ ಆರಂಭಿಸಿ, ಆರರವರೆಗಿನ ಭೇಟಿಗಳಲ್ಲಿ ಒಂದೊಂದೇ ಸಮಸ್ಯೆ ಬಿಡಿಸುತ್ತಾರೆ. 573 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂತು. ಸಾಮಾನ್ಯ ಆರೈಕೆಗಿಂತ ಇದೇ ಮೇಲಾಗಿತ್ತು. ನಮ್ಮಲ್ಲಿ ಅಜ್ಜಿಯರಿಗೆ ಬರವಿಲ್ಲ. ಆದರೆ ಬೆಂಚಿಗೆ ಬದಲು ಊರ ಕಟ್ಟೆ ಎಂದು ಹೊರಟರೆ ಕೆಲಸ ಕೆಟ್ಟಿತು. ಕಟ್ಟೆಯ ಮೇಲೆ ಆಡಿದ ಮಾತು ಸಂಜೆಯೊಳಗೆ ಊರ ಮಾತು. ಅಂಗನವಾಡಿ ಬಿಟ್ಟ ಮೇಲಿನ ಜಗುಲಿ ಅಥವಾ ಆರೋಗ್ಯ ಉಪಕೇಂದ್ರದ ಹಿಂದಿನ ಬೇವಿನ ನೆರಳು ವಾಸಿ. ಅಜ್ಜಿ ಬೇರೆ ಓಣಿಯವಳಾಗಿದ್ದರೆ ಇನ್ನೂ ವಾಸಿ.

ಸಿಂಧನೂರಿಗೆ ಈಗ ರೈಲು ಬಂದಿದೆ. ಕಾರಟಗಿಯ ಅಕ್ಕಿ ಗಿರಣಿಗಳು, ಗಂಗಾವತಿ, ಗಿಣಿಗೇರಾ ದಾಟಿ ಕೊಪ್ಪಳ. ದಾರಿಯಲ್ಲಿ ಚರ್ಚೆಗೆ ತಕ್ಕ ವಿಷಯ ಅಂಗವಿಕಲತೆಯ ಪ್ರಮಾಣಪತ್ರ. ಅದಕ್ಕೆ ಬಳಸುವ ಐಡಿಯಾಸ್ ಮಾಪಕ ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತುಕತೆ, ಕೆಲಸ ಈ ನಾಲ್ಕಕ್ಕೆ ತಲಾ 0ಯಿಂದ 4 ಅಂಕ ಕೊಟ್ಟು, ಕಾಯಿಲೆಯ ಅವಧಿಯ ಅಂಕ ಕೂಡಿಸುತ್ತದೆ. 20ರಲ್ಲಿ 7 ಬಂದರೆ ಶೇ 40 ಅಂಗವಿಕಲತೆ. ಅಲ್ಲಿ ಕೊರತೆಯೇ ಅಂಕ. ಕೆಲಸಕ್ಕೆ ಹೋದರೆ ಪಿಂಚಣಿ ಹೋದೀತೆಂದು ಮನೆಯವರು ಹೆದರುವುದು ಸುಮ್ಮನಲ್ಲ. ಬಲದ ಹಾಳೆಯನ್ನು ಪ್ರಮಾಣಪತ್ರದ ಕಡತದಲ್ಲಿ ಸೇರಿಸಬಾರದು. ಎರಡರ ಉದ್ದೇಶ ಬೇರೆ ಎಂದು ಮೊದಲ ಭೇಟಿಯಲ್ಲೇ ಬಿಡಿಸಿ ಹೇಳಬೇಕು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಈ ಎರಡೂ ಕಾಗದಗಳ ಗುರುತಿದ್ದರೆ ಅರ್ಧ ಗೊಂದಲ ಕಡಿಮೆ.

ಕೊಪ್ಪಳ ಜಿಲ್ಲೆಗೆ ಬಂದವರು ಹುಣ್ಣಿಮೆಯ ದಿನ ಹುಲಿಗಿಯನ್ನು ನೋಡಬೇಕು. ಕಾಯಿಲೆಯವರನ್ನು ಕರೆದುಕೊಂಡು ಹುಲಿಗೆಮ್ಮನ ಹರಕೆಗೆ ಬರುವ ಮನೆಗಳುಂಟು. ಇದನ್ನು ಮೂಢನಂಬಿಕೆ ಎಂದು ತಳ್ಳುವ ಸಿಬ್ಬಂದಿಗೆ ಹಾಳೆಯ ಏಳನೆಯ ಕ್ಷೇತ್ರ, ದೇವರು ಮತ್ತು ಸಂಸ್ಕೃತಿ, ಖಾಲಿಯೇ ಉಳಿಯುತ್ತದೆ. ಹರಕೆ ಇರಲಿ, ಇಂಜೆಕ್ಷನ್ನೂ ಇರಲಿ. ಕಾಯಿಲೆಯವರಿಗೆ ಸರಪಳಿ ಹಾಕಿದ್ದು ಕಂಡರೆ ಮಾತ್ರ ರಾಜಿಯಿಲ್ಲ; 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಸೆಕ್ಷನ್ ಅದನ್ನು ನಿಷೇಧಿಸಿದೆ.

ಹಾಳೆ ಸಮುದ್ರ ದಾಟಿ ಬರುತ್ತದೆ, ಕಾರ್ಯಕರ್ತೆಯರು ಕೂಡಿ ಹಾಳೆಗಳನ್ನು ಚರ್ಚಿಸುವ ವಾರದ ಗುಂಪುಸಭೆ ದಾಟುವುದಿಲ್ಲ. ಈ ಪದ್ಧತಿ ಸೋಲುವುದು ಇಲ್ಲಿಯೇ. ಸಭೆಯ ಕ್ರಮ ಹೀಗೆ: ಹೆಸರು ಮುಚ್ಚಿದ ಹಾಳೆಯ ಪ್ರತಿ ಎಲ್ಲರ ಕೈಗೆ, ಹಾಳೆ ತಂದ ಕಾರ್ಯಕರ್ತೆ ತನಗೆ ಯಾವ ಸಹಾಯ ಬೇಕೆಂದು ಒಂದು ವಾಕ್ಯದಲ್ಲಿ ಹೇಳುವುದು, ಚುಟುಕು ಹಿನ್ನೆಲೆ, ಹಾಳೆಯ ಮೇಲೆ ಪ್ರಶ್ನೆಗಳು, ನಂತರ ಎಲ್ಲರೂ ಉಪಾಯ ಸುರಿಯುವುದು, ಆಗ ಅವಳು ಬಾಯಿ ಬಿಡದೆ ಬರೆದುಕೊಳ್ಳುವುದು, ಕೊನೆಗೆ ಪಟ್ಟಿ ಓದಿ ಏನು ಮಾಡುವೆನೆಂದು ಆರಿಸುವುದು. ‘ಅದು ಮಾಡಿ ನೋಡೀವ್ರಿ’ ಎಂಬ ಮಾತಿಗೆ ಉಪಾಯ ಸುರಿಯುವ ಹೆಜ್ಜೆಯಲ್ಲಿ ಜಾಗವಿಲ್ಲ. ಹಿರಿಯ ಅಧಿಕಾರಿ ಮೊದಲು ಮಾತಾಡಿದರೆ ಉಪಾಯಗಳು ಅಲ್ಲಿಗೇ ನಿಲ್ಲುತ್ತವೆ, ಆದ್ದರಿಂದ ಅವರ ಸರದಿ ಕೊನೆಗೆ. ಒಬ್ಬ ಕಾರ್ಯಕರ್ತೆಗೆ 20ರೊಳಗೆ ಜನ ಎಂಬುದು ಮೂಲದ ನಿಯಮ. ಜಿಲ್ಲೆಗೊಂದೇ ತಂಡ ಇರುವಲ್ಲಿ ಅದು ಆಗದ ಮಾತು. ಎಲ್ಲರಿಗೂ ಅರೆಬರೆ ಮಾಡುವ ಬದಲು ತಾಲ್ಲೂಕಿಗೆ ಹತ್ತು ಜನರನ್ನು ಆರಿಸಿ, ಆಶಾ ಕಾರ್ಯಕರ್ತೆಯರನ್ನೂ ಕೂರಿಸಿಕೊಂಡು ಸಭೆ ನಡೆಸುವುದೇ ಸರಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಕ್ಲಿನಿಕ್ ‘ಮನೋಚೈತನ್ಯ’ ನಡೆಯುವುದು ಮಂಗಳವಾರ. ಯಾರು ಬಂದರು, ಯಾರು ಬರಲಿಲ್ಲ ಎಂಬುದು ಆಗಲೇ ಗೊತ್ತಾಗಿರುತ್ತದೆ. ಸಭೆಗೆ ಬುಧವಾರ ಇಟ್ಟುಕೊಳ್ಳಬೇಕು, ಒಂದು ಹಾಳೆಗೆ ಅರ್ಧ ಗಂಟೆ.