ಸ್ಪ್ಯಾನಿಷ್ ಕಲಿಕೆ, ಹನ್ನೊಂದನೇ ವಾರ: ಎಸ್ತ್ರೆನಾರ್

ಈ ವಾರ ಪೂರ್ತಿ ಒಂದೇ ಪದದ ಬೆನ್ನು ಹತ್ತಿದ್ದೆ. ಸೋಮವಾರದ ಪಾಠದಲ್ಲಿ 'ಓಯ್ ಎಸ್ತ್ರೆನೊ ಸಪಾತೋಸ್' ಅಂತ ಬಂತು. ಇವತ್ತು ಹೊಸ ಶೂ ಮೊದಲ ಸಲ ಹಾಕಿಕೊಳ್ಳುತ್ತಿದ್ದೇನೆ ಎಂದರ್ಥ. ಹೊಸದು, ಮೊದಲ ಸಲ, ಹಾಕಿಕೊಳ್ಳುವುದು, ಮೂರೂ ಒಂದೇ ಕ್ರಿಯಾಪದದಲ್ಲಿ! ನಮ್ಮಲ್ಲಿ ಸೀರೆಗಾದರೆ 'ಮಡಿಕೆ ಮುರಿಯುವುದು' ಅನ್ನುತ್ತೇವೆ. ಶೂಗೆ, ಸೈಕಲ್ಲಿಗೆ ಹಾಗೆ ಹೇಳಲು ಬರುವುದಿಲ್ಲ. ಅವರ ಪದ ಎಲ್ಲಕ್ಕೂ ಸಲ್ಲುತ್ತದೆ. ಸಿನಿಮಾದ ಮೊದಲ ಪ್ರದರ್ಶನ 'ಎಸ್ತ್ರೆನೊ'. ಜಾಹೀರಾತಿನಲ್ಲಿ 'ಪೀಸೊ ಆ ಎಸ್ತ್ರೆನಾರ್' ಎಂದಿದ್ದರೆ ಇನ್ನೂ ಯಾರೂ ವಾಸ ಮಾಡದ ಫ್ಲಾಟ್.

ಬುಧವಾರ ಸ್ಪೇನಿನ ಒಂದು ಗಾದೆ ಸಿಕ್ಕಿತು: 'ದೊಮಿಂಗೊ ದೆ ರಾಮೋಸ್, ಕಿಯೆನ್ ನೋ ಎಸ್ತ್ರೆನಾ, ನೋ ತಿಯೆನೆ ಮಾನೋಸ್.' ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಹೊಸದೇನನ್ನೂ ತೊಡದವನಿಗೆ ಕೈಗಳೇ ಇಲ್ಲ! ಅದಕ್ಕೇ ಅಂದು ಒಂದು ಜೊತೆ ಹೊಸ ಕಾಲುಚೀಲವನ್ನಾದರೂ ಹಾಕಿಕೊಳ್ಳುತ್ತಾರಂತೆ. ಯುಗಾದಿಗೆ ಅಮ್ಮ ಹೊಸ ಅಂಗಿಯ ಅಂಚಿಗೆ ಅರಿಶಿನ ಹಚ್ಚಿ ಕೊಡುತ್ತಿದ್ದುದು ಕಣ್ಣಿಗೆ ಕಟ್ಟಿತು.

ಗುರುವಾರದ ತಪ್ಪಿನಿಂದಲೇ ನಿಜವಾದ ಲಾಭವಾಯಿತು. ಅಭ್ಯಾಸಕ್ಕೆ 'ಮೆ ಎಸ್ತ್ರೆನೇ ಸಪಾತೋಸ್' ಎಂದು ಬರೆದಿದ್ದೆ. 'ಹಾಕಿಕೊಂಡೆ' ಎನ್ನುವುದಕ್ಕೆ 'ಮೆ ಪೂಸೆ' ಬರುತ್ತದಲ್ಲ, ಅದೇ ರೂಢಿಯಲ್ಲಿ 'ಮೆ' ಸೇರಿಸಿದ್ದೆ. ಟೀಚರ್ ಅದನ್ನು ಹೊಡೆದುಹಾಕಿ, 'ಮೆ' ಬಂದರೆ ಅರ್ಥವೇ ಬೇರೆ ಎಂದರು. ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ತೆರೆದು, 'ಮೆ' ಸೇರುವ ಆ ರೂಪದ ಮೂಲಪದ 'ಎಸ್ತ್ರೆನಾರ್ಸೆ' ನೋಡಿದೆ. ಒಂದು ಕೆಲಸಕ್ಕೆ ಮೊದಲ ಸಲ ಇಳಿಯುವುದು ಒಂದು ಅರ್ಥ. ಇನ್ನೊಂದು, ವ್ಯಾಪಾರಿ ದಿನದ ಮೊದಲ ವ್ಯಾಪಾರ ಮಾಡುವುದು.

ಬೋಣಿ! ನಮ್ಮ ಬೋಣಿಯೇ! ಎದ್ದು ಎರಡು ಸುತ್ತು ಓಡಾಡಿದೆ. ಪದದ ಬೇರು ಲ್ಯಾಟಿನ್ನಿನ 'ಸ್ತ್ರೇನಾ'. ರೋಮನ್ನರು ಹೊಸ ವರ್ಷದ ಮೊದಲ ದಿನ ಶುಭವಾಗಲೆಂದು ಒಬ್ಬರಿಗೊಬ್ಬರು ಕೊಡುತ್ತಿದ್ದ ಉಡುಗೊರೆ ಅದು. ಮೊದಲನೆಯದು ಚೆನ್ನಾಗಿದ್ದರೆ ಮುಂದಿನದೂ ಚೆನ್ನಾಗಿರುತ್ತದೆ ಎಂಬ ನಂಬಿಕೆ ಹೊಸ ಬಟ್ಟೆಯಲ್ಲೂ ಇದೆ, ಬೋಣಿಯಲ್ಲೂ ಇದೆ. ಎರಡಕ್ಕೂ ಒಂದೇ ಪದ ಯಾಕೆಂದು ಆಗ ಹೊಳೆಯಿತು.

ಶನಿವಾರ ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಎರಡು ಮೊಳ ಮಲ್ಲಿಗೆ ತಗೊಂಡೆ. 'ಬೋಣಿ ಟೈಮಣ್ಣಾ, ಚೌಕಾಸಿ ಮಾಡ್ಬೇಡಿ' ಅಂದ ಹೂವಿನಮ್ಮ, ನಾನು ಕೊಟ್ಟ ನೋಟನ್ನು ಕಣ್ಣಿಗೊತ್ತಿಕೊಂಡು ಬುಟ್ಟಿಯ ಕೆಳಗಿಟ್ಟರು. ಮನೆಗೆ ಬಂದವನೇ ನೋಟ್‌ಬುಕ್ಕಿನಲ್ಲಿ ಬರೆದೆ: 'ತೊದಾವಿಯಾ ನೋ ಮೆ ಎ ಎಸ್ತ್ರೆನಾದೊ', ಇನ್ನೂ ಬೋಣಿ ಆಗಿಲ್ಲ. ಈ ಸಲ 'ಮೆ' ಸರಿಯಾದ ಜಾಗದಲ್ಲೇ ಇದೆ.

ಮುಂದಿನ ವಾರ: 'ಓಹಲಾ'.