ಕರಿಯನ ಬಲಗಿವಿ

ರಾವೆನ್ನಾ, 13 ಜೂನ್ 2024, ಗುರುವಾರ

ಕಲ್ಲಿನ ಚೂರು ಜೋಡಿಸಿ ಚಿತ್ರ ಮಾಡುವ ಮೊಸಾಯಿಕ್ ಕಲೆ ಕಲಿಯಲು ಇಟಲಿಯ ರಾವೆನ್ನಾದಲ್ಲಿದ್ದೇನೆ. ಇವತ್ತು ಇಡೀ ದಿನ ಒಂದು ಕಿವಿಗೇ ಹೋಯಿತು. ನಮ್ಮ ಮನೆ ನಾಯಿ ಕರಿಯನ ಬಲಗಿವಿ ಅರ್ಧಕ್ಕೆ ಮಡಚಿಕೊಂಡಿರುತ್ತಲ್ಲ, ಅದು.

ಮೈಸೂರಿನ ನಮ್ಮ ಮನೆ ಗೇಟಿನಲ್ಲಿ 'ನಾಯಿ ಇದೆ ಎಚ್ಚರಿಕೆ' ಅನ್ನುವ ತಗಡಿನ ಬೋರ್ಡ್ ಇದೆ. ಹೋದ ವರ್ಷ ಇಟಲಿಯ ಹಳೆಯ ರೋಮನ್ ಊರು ಪಾಂಪೇಯಲ್ಲಿ ಒಂದು ಮನೆಯ ಬಾಗಿಲ ನೆಲದ ಮೊಸಾಯಿಕ್‌ನಲ್ಲೇ ಅದೇ ಮಾತು ಲ್ಯಾಟಿನ್‌ನಲ್ಲಿ ಸಿಕ್ಕಿತು: 'ಕಾವೆ ಕಾನೆಂ'. ಮೇಲೆ ಹಲ್ಲು ಕಿರಿದ ಕಪ್ಪು ನಾಯಿ, ಕೊರಳಲ್ಲಿ ಕೆಂಪು ಪಟ್ಟಿ, ಸರಪಳಿ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿ ಮುಚ್ಚಿದ ಮನೆ. ನಮ್ಮ ಕರಿಯನನ್ನೂ ಹೀಗೆ ಕಲ್ಲಲ್ಲಿ ಕೂರಿಸಬೇಕು ಅಂತ ಅವತ್ತೇ ಅನ್ನಿಸಿತ್ತು. ಹಲ್ಲು ಬೇಡ, ಸರಪಳಿ ಬೇಡ. ಗೇಟಿನ ಹತ್ತಿರ ಸುಮ್ನೆ ಮಲಗಿರುವ ಕರಿಯ.

ಮರದ ದಿಮ್ಮಿಯಲ್ಲಿ ನೆಟ್ಟ ಉಳಿಯಂಥದ್ದಕ್ಕೆ ಇಲ್ಲಿ 'ತಾಲ್ಯೋಲೊ' ಅನ್ನುತ್ತಾರೆ. ಅದರ ಅಂಚಿನ ಮೇಲೆ ಅಮೃತಶಿಲೆಯ ತುಂಡು ಹಿಡಿದು, ಮೇಲಿಂದ 'ಮಾರ್ತೆಲ್ಲಿನಾ' ಸುತ್ತಿಗೆ ಬಿಡಬೇಕು. ಜೋರಾಗಿ ಹೊಡೆದರೆ ಪುಡಿ. ಸುತ್ತಿಗೆಯ ಭಾರಕ್ಕೇ ಬಿಟ್ಟರೆ ಟಕ್ ಅಂತ ಹೋಳಾಗುತ್ತದೆ, ಅಡಕತ್ತರಿಯಲ್ಲಿ ಅಡಿಕೆ ಹೋಳಾದ ಹಾಗೆ.

ಮೂರು ಸಲ ಕಿವಿ ಕಿತ್ತೆ. ಕಲ್ಲೆಲ್ಲ ಸರಿಯಾಗಿಯೇ ಇತ್ತು, ಆದರೂ ನಾಯಿಯನ್ನು ಕತ್ತರಿಸಿ ಅಂಟಿಸಿದಂತೆ ಕಾಣುತ್ತಿತ್ತು. ಟೀಚರ್ ಬಂದರು. ಕಿವಿ ಮುಟ್ಟಲೇ ಇಲ್ಲ, ಸುತ್ತಲಿನ ಬಿಳಿ ಕಲ್ಲಿನ ಮೇಲೆ ಬೆರಳಾಡಿಸಿದರು. ಬಿಳಿಯನ್ನು ನಾನು ಬಚ್ಚಲ ಟೈಲ್ಸ್ ಥರ ನೆಟ್ಟಗೆ ಜೋಡಿಸಿದ್ದೆ. ರೋಮನ್ನರು ಪ್ರಾಣಿಯ ಅಂಚು ಹಿಡಿದು ಒಂದೆರಡು ಬಿಳಿ ಸಾಲು ಸುತ್ತಿಸಿಯೇ ಮುಂದಕ್ಕೆ ಹೋಗುತ್ತಿದ್ದರು. ಸಾಲುಗಳ ಈ ನಡೆಗೆ 'ಅಂದಮೆಂತೊ' ಅಂತ ಹೆಸರು. ಬಿಳಿ ಕಿತ್ತು ಹಾಗೇ ಸುತ್ತಿಸಿದೆ. ಕಿವಿ ಎದ್ದು ಬಂತು! ಕಿವಿಯ ಒಂದು ಕಲ್ಲನ್ನೂ ಬದಲಿಸಿರಲಿಲ್ಲ. ಒಳಗೊಳಗೇ ಕುಣಿಯುವಷ್ಟು ಖುಷಿ.

ಊಟದ ಹೊತ್ತಲ್ಲಿ ಗ್ರೀಸಿನ ಪೆಲ್ಲಾದ ಜಿಂಕೆ ಬೇಟೆಯ ನೆಲದ ಮೊಸಾಯಿಕ್‌ನ ಚಿತ್ರ ನೋಡಿದೆವು. ಕ್ರಿ.ಪೂ. 4ನೇ ಶತಮಾನದ ಕೊನೆಯದು. ಅದರಲ್ಲೂ ಒಂದು ನಾಯಿ ಇದೆ. ಕಲ್ಲು ಒಡೆದೇ ಇಲ್ಲ, ಎಲ್ಲ ಉರುಟು ಕಲ್ಲುಗಳೇ. ಮೇಲೆ 'ಗ್ನೋಸಿಸ್ ಮಾಡಿದ್ದು' ಅಂತ ಸಹಿ. ಜನ ತುಳಿದು ಓಡಾಡುವ ನೆಲಕ್ಕೂ ಹೆಸರು ಹಾಕಿದ್ದಾನೆ ಅಲ್ವಾ, ಆ ಹೆಮ್ಮೆ ನನಗೆ ತುಂಬ ಹಿಡಿಸಿತು.

ಸಂಜೆ ಅಮ್ಮನಿಗೆ ಫೋಟೋ ಕಳಿಸಿದೆ. "ಕಿವಿ ಅವನದೇ ಕಣೇ. ಬಾಲ ಮಾತ್ರ ಇಷ್ಟು ನೆಟ್ಟಗಿರಲ್ಲ, ತುದಿ ಸುರುಳಿ" ಅಂದಳು. ಹೌದು. ಕಲ್ಲು ಕೂರಿಸಿದ ಸುಣ್ಣದ ಹಾಸು ಇನ್ನೂ ಮೆತ್ತಗಿದೆ, ಒದ್ದೆ ಬಟ್ಟೆ ಹೊದಿಸಿ ಬಂದಿದ್ದೇನೆ. ನಾಳೆ ಹೋದ ತಕ್ಷಣ ಬಾಲದ ತುದಿಯ 11 ಕಲ್ಲು ಕೀಳಬೇಕು. ಅದರ ಸುತ್ತಲಿನ ಬಿಳಿಯನ್ನೂ.