ಪಿಜಿ ಜೆಮ್ ಕೈಕೊಟ್ಟ ರಾತ್ರಿ

2022ರ ಅಕ್ಟೋಬರ್. ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಗೆ ಹೊಸ ಹತ್ತಿ ಬರೋಕೆ ಶುರುವಾಗಿತ್ತು. ಕಾಕಾನ ಅಡತಿ ಅಂಗಡಿಗೆ ನಾನು ರೂಬಿ ಭಾಷೆಯ ರೈಲ್ಸ್ ಚೌಕಟ್ಟಿನಲ್ಲಿ ಒಂದು ಲೆಕ್ಕದ ಆ್ಯಪ್ ಮಾಡಿಕೊಟ್ಟಿದ್ದೆ. ಯಾವ ರೈತರದು ಎಷ್ಟು ಅಂಡಿಗೆ (ಹತ್ತಿ ಚೀಲ), ತೂಕ ಎಷ್ಟು, ರೇಟು ಎಷ್ಟು, ಹಮಾಲಿ ಎಷ್ಟು ಅಂತ ಬರೆದರೆ ಪಟ್ಟಿ ತಯಾರು. ಒಬ್ಬರೇ ಬಳಸುವವರೆಗೆ ತೊಂದರೆ ಇರಲಿಲ್ಲ. ಆದರೆ ಕಾಟಾದ ಹತ್ತಿರ ಗುಮಾಸ್ತರು ತೂಕ ಹಾಕುವ ಹೊತ್ತಿಗೇ ಒಳಗೆ ಕಾಕಾ ಪಟ್ಟಿ ಉಳಿಸಲು ಹೋದರೆ, ಕೆಲವು ಸಲ 'ಡೇಟಾಬೇಸ್ ಈಸ್ ಲಾಕ್ಡ್' ಅಂತ ಬರುತ್ತಿತ್ತು. ಆ್ಯಪ್ ಲೆಕ್ಕ ಇಡುತ್ತಿದ್ದ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು. ಸರಿ, ಹಲವರು ಒಟ್ಟಿಗೆ ಬರೆಯಬಹುದಾದ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಹೋಗೋಣ ಅಂತ ಸಂಜೆ ಅಂಗಡಿ ಮುಚ್ಚಿದ ಮೇಲೆ ಕೂತೆ.

ಆ್ಯಪಿನ ಡೇಟಾಬೇಸ್ ಸೆಟ್ಟಿಂಗ್ ಫೈಲಿನಲ್ಲಿ ಅಡಾಪ್ಟರ್ ಹೆಸರು ಬದಲಿಸಿದೆ, ಬೇಕಾದ ಜೆಮ್‌ಗಳನ್ನು (ರೂಬಿ ಲೈಬ್ರರಿಗಳನ್ನು) ಬರೆದಿಡುವ ಜೆಮ್‌ಫೈಲಿಗೆ ಪೋಸ್ಟ್‌ಗ್ರೆಸ್ ಜೊತೆ ಮಾತಾಡಿಸುವ ಪಿಜಿ ಜೆಮ್ ಸೇರಿಸಿ, ಅದನ್ನು ಹಾಕಲು ಬಂಡಲ್ ಇನ್‌ಸ್ಟಾಲ್ ಕೊಟ್ಟೆ. ಪರದೆ ತುಂಬ ಸಾಲುಗಳು ಓಡಿದವು. 'ಫೇಲ್ಡ್ ಟು ಬಿಲ್ಡ್ ಜೆಮ್ ನೇಟಿವ್ ಎಕ್ಸ್‌ಟೆನ್ಷನ್' ಅನ್ನೋದಷ್ಟೇ ನನ್ನ ತಲೆಯಲ್ಲಿ ಉಳಿಯಿತು.

ಪೋಸ್ಟ್‌ಗ್ರೆಸ್ಸೇ ಸರಿಯಾಗಿ ಕೂತಿಲ್ಲ ಅಂದುಕೊಂಡೆ. ತೆಗೆದು ಮತ್ತೆ ಹಾಕಿದೆ. ಅದೇ ಎರರ್. ಹಾಗಾದರೆ ರೂಬಿಯದ್ದೇ ತಪ್ಪಿರಬೇಕು ಅಂತ ಅದನ್ನೂ ಹೊಸದಾಗಿ ಹಾಕಿದೆ, ಆ ಹಳೇ ಕಂಪ್ಯೂಟರಿನಲ್ಲಿ ಅದು ಕಂಪೈಲ್ ಆಗೋದಕ್ಕೆ ಹಿಡಿದ ಹೊತ್ತು, ನಡುವೆ ಒಮ್ಮೆ ಕರೆಂಟ್ ಹೋಗಿ ಮೊದಲಿನಿಂದ ಶುರುಮಾಡಿದ್ದು, ಮೊಬೈಲಿನ ಡೇಟಾ ಮುಗಿಯುತ್ತಾ ಬಂದಿದ್ದು, ಎಲ್ಲ ಸೇರಿ ಹತ್ತೂವರೆ ಆಯಿತು. ಮತ್ತೆ ಅದೇ ಎರರ್.

ಕಾಕಾ ಫೋನ್ ಮಾಡಿದರು. "ಏನಾತಪ್ಪ, ನಾಳೆ ಗಾಡಿ ಬರ್ತಾವ, ಲೆಕ್ಕ ಅದರಾಗ ಬರೀಬಹುದೇನು?"

"ನೋಡ್ತೀನ್ರಿ ಕಾಕಾ" ಅಂದೆ. ಬೇರೆ ಏನು ಹೇಳಲಿ?

ಆಮೇಲೆ ಸುಮ್ನೆ ಮೇಲಕ್ಕೆ ಸ್ಕ್ರೋಲ್ ಮಾಡಿ, ಒಂದೊಂದೇ ಸಾಲು ಓದುತ್ತಾ ಬಂದೆ.  ಒಂದು ಕಡೆ ಲಿಬ್‌ಪಿಕ್ಯೂ-ಎಫ್‌ಇ ಡಾಟ್ ಎಚ್ ಅನ್ನೋ ಫೈಲು ಇದೆಯಾ ಅಂತ ಹುಡುಕಿದ ಸಾಲು, ಕೊನೆಯಲ್ಲಿ ಚಿಕ್ಕದಾಗಿ 'ನೋ'. ಅದರ ಕೆಳಗೆ, ಲಿಬ್‌ಪಿಕ್ಯೂ-ಡೆವ್ ಹಾಕಿಕೊಳ್ಳಿ ಅಂತ, ಅದನ್ನು ಹಾಕುವ ಆಪ್ಟ್ ಕಮಾಂಡ್ ಸಮೇತ ಬರೆದಿತ್ತು. ಮೂರು ತಾಸಿನಿಂದ ನನ್ನ ಕಣ್ಣ ಮುಂದೆಯೇ ಇತ್ತು, ನಾನು ಓದಿರಲಿಲ್ಲ. ಆ ಹೊತ್ತಿಗೆ ಅಳು ಬರೋದೊಂದು ಬಾಕಿ.

ಪಿಜಿ ಜೆಮ್ ಬರೀ ರೂಬಿ ಅಲ್ಲ. ಅದರೊಳಗೆ ಸಿ ಕೋಡ್ ಇದೆ, ಅದನ್ನು ನಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡಬೇಕು, ಅದಕ್ಕೆ ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಲೈಬ್ರರಿಯ ಹೆಡರ್ ಫೈಲುಗಳು (ಲೈಬ್ರರಿಯಲ್ಲಿ ಏನೇನಿದೆ ಅಂತ ಕಂಪೈಲರಿಗೆ ಹೇಳುವ ಫೈಲುಗಳು) ಬೇಕು. ಉಬುಂಟುವಿನಲ್ಲಿ ಪೋಸ್ಟ್‌ಗ್ರೆಸ್ ಸರ್ವರ್ ಹಾಕಿದ ಮಾತ್ರಕ್ಕೆ ಅವು ಬರಲ್ಲ, ಲಿಬ್‌ಪಿಕ್ಯೂ-ಡೆವ್ ಅನ್ನೋ ಬೇರೆ ಪ್ಯಾಕೇಜಿನಲ್ಲಿರುತ್ತವೆ. ಸರ್ವರನ್ನು ಎಷ್ಟು ಸಲ ತೆಗೆದು ಹಾಕಿದರೂ ನನಗೆ ಅವು ಸಿಗುತ್ತಿರಲಿಲ್ಲ, ಅಲ್ವಾ? ಮೈಎಸ್‌ಕ್ಯೂಎಲ್ ಡೇಟಾಬೇಸಿಗಾಗಿ ಮೈಎಸ್‌ಕ್ಯೂಎಲ್2 ಜೆಮ್ ಹಾಕುವವರಿಗೂ ಇದೇ ಗೋಳು, ಅಲ್ಲಿ ಬೇಕಾಗೋದು ಲಿಬ್‌ಮೈಎಸ್‌ಕ್ಯೂಎಲ್‌ಕ್ಲೈಂಟ್-ಡೆವ್.

ಲಿಬ್‌ಪಿಕ್ಯೂ-ಡೆವ್ ಹಾಕಿದೆ, ಒಂದು ನಿಮಿಷವೂ ಹಿಡಿಯಲಿಲ್ಲ. ಬಂಡಲ್ ಇನ್‌ಸ್ಟಾಲ್ ಸಲೀಸಾಗಿ ಮುಗಿಯಿತು.

ಆಮೇಲೆ ಡೇಟಾಬೇಸ್ ಮಾಡಲು ಹೋದರೆ 'ಪಿಯರ್ ಅಥೆಂಟಿಕೇಷನ್ ಫೇಲ್ಡ್'. ಈ ಸಲ ಗಾಬರಿಯಾಗದೆ ಪೂರ್ತಿ ಓದಿದೆ. ಸೆಟ್ಟಿಂಗ್ ಫೈಲಿನಲ್ಲಿ ಹೋಸ್ಟ್ (ಡೇಟಾಬೇಸ್ ಇರುವ ಕಂಪ್ಯೂಟರಿನ ಹೆಸರು) ಕೊಡದಿದ್ದರೆ ಪೋಸ್ಟ್‌ಗ್ರೆಸ್ ಲಿನಕ್ಸ್ ಬಳಕೆದಾರರ ಹೆಸರು ನೋಡಿಯೇ ಒಳಗೆ ಬಿಡುತ್ತದೆ, ನನ್ನ ಹೆಸರು ಬೇರೆ, ಆ್ಯಪ್ ಕೇಳಿದ ಹೆಸರು ಬೇರೆ. ಹೋಸ್ಟ್ ಜಾಗದಲ್ಲಿ ಲೋಕಲ್‌ಹೋಸ್ಟ್ ಅಂತ ಬರೆದು ಪಾಸ್‌ವರ್ಡ್ ಕೊಟ್ಟೆ, ಕೂತಿತು. ಹಳೇ ಲೆಕ್ಕವನ್ನು ಹೊಸ ಡೇಟಾಬೇಸಿಗೆ ತಂದು ಹಾಕಿ, ನಾಲ್ಕೈದು ಪಟ್ಟಿ ತಾಳೆ ನೋಡಿ ಮಲಗುವಾಗ ಒಂದು ಗಂಟೆ.

ಮರುದಿನ ಬೆಳಿಗ್ಗೆ ಮೊದಲ ಗಾಡಿಯ ಅಂಡಿಗೆ ಕಾಟಾ ಮೇಲೆ ಏರಿದಾಗ ನಾನು ಅಲ್ಲೇ ನಿಂತಿದ್ದೆ. ಗುಮಾಸ್ತರು ತೂಕ ಹಾಕುತ್ತಿದ್ದಂತೆಯೇ ಒಳಗಿನಿಂದ ಕಾಕಾನ ಪ್ರಿಂಟರ್ ಸದ್ದು ಕೇಳಿಸಿತು, ಹಿಂದಿನ ರೈತರ ಪಟ್ಟಿ ಹೊರಗೆ ಬರುತ್ತಿತ್ತು.